ನೆರೆಯಲ್ಲಿ ಮನೆ ಬಿದ್ದು ಊರು ಬಿಟ್ಟವರ ಹುಡುಗ ಕಾಲೇಜೂ ಬಿಡ್ತೀನಿ ಅಂತಾನೆ, ಏನು ಮಾಡೋದು?

ನಿಮ್ಮ ಪ್ರಶ್ನೆ ಇದು: ಮಲಪ್ರಭೆ ನೆರೆಯಲ್ಲಿ ರೋಣ ತಾಲ್ಲೂಕಿನ ನಿಮ್ಮ ಮನೆ ಬಿದ್ದಿದೆ, ಮನೆಯವರು ಕಾಳಜಿ ಕೇಂದ್ರದಲ್ಲಿದ್ದಾರೆ. ಧಾರವಾಡದಲ್ಲಿ ರೂಮು ಮಾಡಿಕೊಂಡು ಬಿ.ಎಸ್‌ಸಿ. ಮೂರನೇ ಸೆಮಿಸ್ಟರ್ ಓದುವ ತಮ್ಮನಿಗೆ ಏನು ಓದಿದರೂ ತಲೆಗೆ ಹತ್ತುತ್ತಿಲ್ಲ, ಟಿ.ಸಿ. ತೆಗೆಸುತ್ತೇನೆ ಅನ್ನುತ್ತಾನೆ. ಇದು ಸೋಮಾರಿತನವೋ, ಕಾಯಿಲೆಯೋ?

ಸೋಮಾರಿತನವಂತೂ ಅಲ್ಲ. ಕಾಯಿಲೆ ಅನ್ನುವುದಕ್ಕೂ ಇನ್ನೂ ಹೊತ್ತಾಗಿಲ್ಲ. ಕಾಳಜಿ ಕೇಂದ್ರ ನಡೆಯುವ ಶಾಲೆಯ ವರಾಂಡದಲ್ಲಿ ರಾತ್ರಿಯಿಡೀ ಟ್ಯೂಬ್‌ಲೈಟ್ ಉರಿಯುತ್ತಿರುತ್ತದೆ, ಕೂಸುಗಳು ಅಳುತ್ತಿರುತ್ತವೆ. ಶನಿವಾರ ಅಲ್ಲಿಗೆ ಹೋಗಿ ಸೋಮವಾರ ಧಾರವಾಡಕ್ಕೆ ಬರುವವನಿಗೆ ವಾರದಲ್ಲಿ ಎರಡು ರಾತ್ರಿ ನಿದ್ದೆ ಇಲ್ಲ. ನಿದ್ದೆಗೆಟ್ಟ ತಲೆಯಲ್ಲಿ ಓದಿದ್ದು ನಿಲ್ಲುವುದಿಲ್ಲ. ಅದರ ಮೇಲೆ, ‘ಅವ್ವ ಅಲ್ಲಿ ತಾಡಪಾಲಿನ ಮ್ಯಾಲ ಮಲಗ್ಯಾಳ, ನಾ ಇಲ್ಲಿ ಖಾನಾವಳ್ಯಾಗ ಬಿಸಿ ರೊಟ್ಟಿ ತಿನ್ನಾಕತ್ತೇನಿ’ ಅನ್ನುವ ಕೊರಗು. ಇದನ್ನು ಅವನು ಬಾಯಿಬಿಟ್ಟು ಹೇಳುವುದಿಲ್ಲ, ಕಾಲೇಜು ಬಿಡ್ತೀನಿ ಅಂತ ಹೇಳುತ್ತಾನೆ.

ಇನ್ನೊಂದು, ಮನೆಯಲ್ಲಿ ಓದಿದವನು ಅಂತ ಎಲ್ಲ ಅರ್ಜಿಯ ಓಡಾಟವೂ ಅವನ ತಲೆಗೇ ಬರುತ್ತದೆ. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಣೆಯಾದರೂ ಹಣ ಬಂದದ್ದು ಬುನಾದಿ, ಗೋಡೆ, ಚಾವಣಿ ಎಂದು ಹಂತ ಹಂತವಾಗಿ. ಇಂಥ ಓಡಾಟ ವಾರಕ್ಕೆ ಮುಗಿಯುವಂಥದ್ದಲ್ಲ, ತಿಂಗಳುಗಟ್ಟಲೆ ಎಳೆಯುತ್ತದೆ. ಹಾಗಾಗಿ ಮನೆಯ ಫೈಲು ಇವತ್ತೇ ನಿಮ್ಮ ಕೈಗೆ ತೆಗೆದುಕೊಳ್ಳಿ.

ಈಗ ಹಾಜರಾತಿ. ವಾರಕ್ಕೆ 4 ತರಗತಿಯಂತೆ 16 ವಾರ ನಡೆಯುವ ವಿಷಯಕ್ಕೆ ಒಟ್ಟು 64 ತರಗತಿ. ಪರೀಕ್ಷೆಗೆ ಕೂರಲು ಬೇಕಾದ ಶೇ 75 ಅಂದರೆ 48, ತಪ್ಪಿಸಬಹುದಾದದ್ದು 16. ಮೂರು ವಾರ ಊರಲ್ಲಿ ಉಳಿದರೆ 12 ಹೋದವು, ಉಳಿದದ್ದು ನಾಲ್ಕೇ. ಪ್ರಯೋಗಾಲಯದ ತರಗತಿ ವಾರಕ್ಕೆ ಒಂದೇ ಇರುವುದರಿಂದ ಸೋಮವಾರದ ಬ್ಯಾಚಿನವನಿಗೆ ಪೆಟ್ಟು ಮೊದಲು ಅಲ್ಲಿಯೇ. ಬ್ಯಾಚ್ ಬದಲಿಸಿಕೊಡಿ ಅಂತ ಕೇಳಲಿ. ಪ್ರಾಂಶುಪಾಲರಿಗೆ ಬಾಯಿಮಾತಲ್ಲಿ ಹೇಳಿ ಬಂದರೆ ಸೆಮಿಸ್ಟರ್ ಕೊನೆಗೆ ಯಾರಿಗೂ ನೆನಪಿರುವುದಿಲ್ಲ. ಒಂದು ಪುಟದ ಅರ್ಜಿ, ಅದಕ್ಕೆ ತಲಾಠಿಯಿಂದ (ಈಗಿನ ಗ್ರಾಮ ಆಡಳಿತಾಧಿಕಾರಿ) ಪಡೆದ ಮನೆ ಹಾನಿಯ ಪಂಚನಾಮೆಯ ಪ್ರತಿ ಸೇರಿಸಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಸಹಿ, ಮೊಹರು ಹಾಕಿಸಿಕೊಳ್ಳಿ. ತಪ್ಪಿಹೋದ ಇಂಟರ್ನಲ್ ಟೆಸ್ಟನ್ನು ಇದೇ ಸೆಮಿಸ್ಟರಿನಲ್ಲಿ ಮತ್ತೆ ಕೊಡಿ ಅಂತಲೂ ಅದರಲ್ಲೇ ಬರೆಯಲಿ. ಅಂಕ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ತಿದ್ದಿಸುವುದು ಬಲು ತ್ರಾಸು.

ಕಾಗದಪತ್ರ ನೀರು ಪಾಲಾಗಿದ್ದರೆ ಮೊದಲು ಮಾಡಿಸಬೇಕಾದದ್ದು ಸಿಮ್. ಆಧಾರ್ ಜೊತೆ ಜೋಡಿಸಿದ ಅದೇ ನಂಬರಿನ ಸಿಮ್ ಇಲ್ಲದೆ ಆಧಾರ್ ಒ.ಟಿ.ಪಿ. ಬರುವುದಿಲ್ಲ, ಅದು ಬಾರದೆ ಫೋನಿನಲ್ಲಿ ಇ-ಆಧಾರ್ ಇಳಿಸಿಕೊಳ್ಳಲು ಆಗುವುದಿಲ್ಲ. ಸಿಮ್ ಆದ ಮೇಲೆ ಇ-ಆಧಾರ್, ಡಿಜಿಲಾಕರ್. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಹಳೆಯ ಆರ್‌.ಡಿ. ಸಂಖ್ಯೆ (ಪ್ರಮಾಣಪತ್ರದ ಮೇಲಿನ ನಂಬರು) ಸಿಕ್ಕರೆ ನಾಡಕಚೇರಿ ಜಾಲತಾಣದಲ್ಲೇ ಮತ್ತೆ ಮುದ್ರಿಸಿಕೊಳ್ಳಬಹುದು. ವಿದ್ಯಾರ್ಥಿವೇತನದ ಹಳೆಯ ಅರ್ಜಿಯಲ್ಲಿ ಆ ಸಂಖ್ಯೆ ಇರುತ್ತದೆ, ಹುಡುಕಿ.

ಟ್ರಂಕಿನ ತಳದಲ್ಲಿ ತೊಯ್ದ ಅಂಕಪಟ್ಟಿ ಸಿಕ್ಕರೆ ಬಿಸಿಲಿಗೆ ಹಾಕಬೇಡಿ, ಸುರುಳಿ ಸುತ್ತಿ ಬಿರುಕು ಬಿಡುತ್ತದೆ. ಒಂದಕ್ಕೊಂದು ಅಂಟಿದ್ದನ್ನು ಎಳೆಯಲೂಬೇಡಿ. ಮೊದಲು ಎರಡೂ ಬದಿ ಫೋಟೋ ತೆಗೆದು, ಖಾಲಿ ಬಿಳಿ ಹಾಳೆಗಳ ನಡುವೆ ಇಟ್ಟು, ಫ್ಯಾನ್ ಗಾಳಿಯಲ್ಲಿ ಗಂಟೆಗೊಮ್ಮೆ ಹಾಳೆ ಬದಲಿಸಿ. ಲ್ಯಾಮಿನೇಷನ್ ಒಳಗೆ ನೀರು ಹೊಕ್ಕಿದ್ದರೆ ಪ್ಲಾಸ್ಟಿಕ್ ಕೀಳಬೇಡಿ, ಅಕ್ಷರಗಳೂ ಅದರ ಜೊತೆಗೇ ಎದ್ದು ಬರುತ್ತವೆ. ನೋಂದಣಿ ಸಂಖ್ಯೆ ಓದುವ ಹಾಗಿದ್ದರೆ ಸಾಕು, ನಕಲು ಪ್ರತಿಗೆ ಅರ್ಜಿ ಹಾಕಬಹುದು.

ಮನಸ್ಸಿನ ಮಾತಿಗೆ ಬಂದರೆ, ‘ಏನಾಯ್ತು ಹೇಳು’ ಅಂತ ಬಂದವರೆಲ್ಲ ಕೇಳುವುದನ್ನು ನಿಲ್ಲಿಸಿ. ಅವನಾಗಿ ಹೇಳಿದಾಗ ಕೇಳಿ. ‘ಗಂಡಸಾಗಿ ಅಳ್ತೀಯೇನು’ ಅನ್ನುವ ಕಾಕಾಗಳನ್ನು ದೂರವಿಡಿ. ಓದಿಗೆ ಲೈಬ್ರರಿಯಲ್ಲಿ ದಿನವೂ ಅದೇ ಜಾಗ, ಒಂದು ಸಲಕ್ಕೆ 25 ನಿಮಿಷ. ಮೊದಲ ವಾರ ಅವನಿಗೆ ಸಲೀಸಾದ ವಿಷಯವೇ ಇರಲಿ. ಮಳೆ ಸದ್ದಿಗೆ ಬೆಚ್ಚುವುದು, ಕೆಟ್ಟ ಕನಸು, ಊಟ ಸೇರದಿರುವುದು ಮೊದಲ ಕೆಲವು ವಾರ ಸಹಜ. ತಿಂಗಳು ದಾಟಿದರೂ ಹಾಗೇ ಇದ್ದರೆ ಧಾರವಾಡದಲ್ಲೇ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ, ತೋರಿಸಿ. ಸಾಯುವ ಮಾತು ಬಂದರೆ ಮಾತ್ರ ಒಂದು ದಿನವೂ ಕಾಯಬೇಡಿ, ಒಂಟಿಯಾಗಿ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಕಾನೂನಿನ ಮಾತಿನಲ್ಲಿ ನಿಮ್ಮವರು ನಿರಾಶ್ರಿತರಲ್ಲ, ಜೀವಭಯದಿಂದ ದೇಶದ ಗಡಿ ದಾಟಿದವರಿಗೆ ಆ ಹೆಸರು. ಆದರೂ ಇಬ್ಬರ ಓದನ್ನೂ ನಿಲ್ಲಿಸುವುದು ಅವೇ: ಕಾಗದ, ಹಣ, ಮನೆಯ ಹೊರೆ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ನಿರಾಶ್ರಿತ ಯುವಜನರಲ್ಲಿ ಉನ್ನತ ಶಿಕ್ಷಣದಲ್ಲಿದ್ದವರು ಶೇ 3 ಮಾತ್ರ. 

ಹಣಕ್ಕೆ: ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ರಾಜ್ಯ ಸರ್ಕಾರದ ವಿದ್ಯಾಸಿರಿ ಯೋಜನೆಯಲ್ಲಿ ಊಟ, ವಸತಿಗೆ ತಿಂಗಳ ಲೆಕ್ಕದಲ್ಲಿ 10 ತಿಂಗಳು ಹಣ ಸಿಗುತ್ತದೆ, ಎಸ್‌.ಎಸ್‌.ಪಿ. (ರಾಜ್ಯ ವಿದ್ಯಾರ್ಥಿವೇತನದ) ಪೋರ್ಟಲಿನಲ್ಲಿ ಕೊನೆಯ ದಿನ ನೋಡಿಕೊಳ್ಳಿ. ಮಳೆಗಾಲದ ನೆರೆ, ಶುಲ್ಕ, ಈ ಅರ್ಜಿ ಎಲ್ಲ ಒಟ್ಟೊಟ್ಟಿಗೇ ಬರುತ್ತವೆ, ತಪ್ಪಿಹೋಗುವುದೂ ಅದಕ್ಕೇ. ಟಿ.ಸಿ. ಮಾತ್ರ ತೆಗೆಸಬೇಡಿ. ಓದಲು ಆಗಲೇ ಇಲ್ಲವೆಂದರೂ ಈ ಸೆಮಿಸ್ಟರಿನ ಪರೀಕ್ಷಾ ಶುಲ್ಕ ಕಟ್ಟಿ ಬರೆದಷ್ಟು ಬರೆಯಲಿ. ಎರಡು ವಿಷಯ ಬ್ಯಾಕ್ ಉಳಿದರೆ ಮುಂದೆ ಕಟ್ಟಿ ಪಾಸಾಗಬಹುದು, ಹೆಸರು ತೆಗೆಸಿದ ಮೇಲೆ ಅದೇ ಸೀಟು ಕೇಳುವುದು ಬೇರೆಯೇ ಗೋಳು.