ಪಂಚಾಯ್ತಿ ಕಟ್ಟೆಯ ತೀರ್ಪು ಈ ಪರೀಕ್ಷೆಗೆ ಒದಗದು

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿ ವಿವಾಹ ಮತ್ತು ಕುಟುಂಬ ಚಿಕಿತ್ಸೆಯಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಮೇಲ್ವಿಚಾರಕರ ಕೈಕೆಳಗೆ ಕೆಲಸ ಮಾಡುತ್ತಿದ್ದೇನೆ. ಈಗ ಬಾಣಂತನಕ್ಕೆ ತವರಿಗೆ ಬಂದಿದ್ದು, ಮರಳಿದ ಮೇಲೆ ಲೈಸೆನ್ಸಿಗಾಗಿ ರಾಷ್ಟ್ರೀಯ ಪರೀಕ್ಷೆ ಬರೆಯಬೇಕಾಗಿದೆ. ಒಮ್ಮೆ ಬರೆದು ಅನುತ್ತೀರ್ಣಳಾಗಿದ್ದೇನೆ. ಸಿದ್ಧಾಂತಗಳೆಲ್ಲ ಬಾಯಿಪಾಠವಾಗಿದ್ದರೂ ನಾಲ್ಕು ಆಯ್ಕೆಗಳಲ್ಲಿ ಎರಡು ಸರಿಯಾಗಿಯೇ ಕಾಣುತ್ತವೆ. ನಾನು ಆರಿಸಿದ್ದು ತಪ್ಪಾಗಿರುತ್ತದೆ. ಹೇಗೆ ಓದಲಿ? ಅಭ್ಯಾಸ ಪರೀಕ್ಷೆಯಲ್ಲಿ ತಪ್ಪಿದ ಹನ್ನೆರಡು ಉತ್ತರಗಳನ್ನು ಲಗತ್ತಿಸಿದ್ದೇನೆ.
– ಹೆಸರು ಬೇಡ, ಸಿರುಗುಪ್ಪ

ಉತ್ತರ: ಹನ್ನೆರಡನ್ನೂ ಓದಿದೆ. ಅವುಗಳಲ್ಲಿ ಎಂಟರಲ್ಲಿ ನೀವು ಮಾಡಿರುವುದು ಒಂದೇ ಕೆಲಸ: ಮನೆಯಲ್ಲಿ ತಪ್ಪು ಯಾರದೆಂದು ಕಂಡುಹಿಡಿದು, ಅವರಿಗೆ ಬುದ್ಧಿ ಹೇಳುವ ಆಯ್ಕೆಗೆ ಗುರುತು ಹಾಕಿದ್ದೀರಿ. ಗಂಡ ಹೆಂಡಿರ ಜಗಳವೆಂದರೆ ನಮ್ಮ ಬಳ್ಳಾರಿ ಸೀಮೆಯಲ್ಲಿ ಸೋದರಮಾವನನ್ನೋ ಊರ ಹಿರಿಯರನ್ನೋ ಕೂಡಿಸಿ, ಎರಡೂ ಕಡೆಯ ಮಾತು ಕೇಳಿ, ‘ನಿಂದೂ ತಪ್ಪೈತೆ, ಆಕೀದೂ ತಪ್ಪೈತೆ, ಹೊಂದ್ಕೊಂಡು ಹೋಗ್ರಿ’ ಎಂದು ಕಳಿಸುವುದು ರೂಢಿ. ಈ ಊರಿನಲ್ಲಿ ವರ್ಷಗಟ್ಟಲೆ ಕುಟುಂಬಗಳ ಎದುರು ಕೂತ ನನಗೂ ಆ ಮಾತು ಎಷ್ಟೋ ಸಲ ನಾಲಿಗೆಯ ತುದಿಗೆ ಬಂದು ನಿಂತಿದೆ. ಆದರೆ ನೀವು ಬರೆಯುವ ಪರೀಕ್ಷೆ ಚಿಕಿತ್ಸಕಿಯನ್ನು ನ್ಯಾಯ ಹೇಳುವವಳೆಂದು ಒಪ್ಪುವುದಿಲ್ಲ. ತಪ್ಪನ್ನು ಒಬ್ಬರ ತಲೆಗೆ ಕಟ್ಟುವ ಆಯ್ಕೆ ಎಷ್ಟೇ ವಿವೇಕದ ಮಾತಿನಂತೆ ಕಂಡರೂ, ಅದು ಸಾಮಾನ್ಯವಾಗಿ ನಿಮ್ಮನ್ನು ಬೀಳಿಸಲೆಂದೇ ಇಟ್ಟದ್ದು.

ಒಂದು ಉದಾಹರಣೆಯನ್ನು ನಾನೇ ಕಟ್ಟುತ್ತೇನೆ. ಹತ್ತು ವರ್ಷದ ಹುಡುಗ ಶಾಲೆಗೆ ಹೋಗಲು ಒಲ್ಲೆನೆನ್ನುತ್ತಾನೆ. ಮೊದಲ ಭೇಟಿಯಲ್ಲಿ ಹುಡುಗನಿಗೆ ಕೇಳಿದ ಪ್ರತಿ ಪ್ರಶ್ನೆಗೂ ಅಜ್ಜಿಯೇ ಉತ್ತರ ಕೊಡುತ್ತಾಳೆ. ತಾಯಿ ನೆಲ ನೋಡುತ್ತಾಳೆ, ತಂದೆ ಫೋನ್ ನೋಡುತ್ತಾನೆ. ಮನೆಯಲ್ಲಿ ಯಾರ ಸ್ಥಾನ ಯಾವುದು, ಯಾರ ಎಲ್ಲೆ ಎಲ್ಲಿಯವರೆಗೆ ಎಂದು ನೋಡುವ ಮಿನುಚಿನ್ ಅವರ ಸ್ಟ್ರಕ್ಚರಲ್ ಪದ್ಧತಿಯ ಚಿಕಿತ್ಸಕಿ ಮೊದಲು ಏನು ಮಾಡುತ್ತಾಳೆ? ಅಜ್ಜಿಯನ್ನು ಹೊರಗೆ ಕೂರಿಸುವುದು, ಹುಡುಗನನ್ನು ಒಬ್ಬನನ್ನೇ ನೋಡುವುದು, ಮೂರು ತಲೆಮಾರಿನ ಜೀನೋಗ್ರಾಮ್ (ಮನೆಯವರ ಸಂಬಂಧಗಳನ್ನು ತೋರಿಸುವ ವಂಶವೃಕ್ಷದ ಚಿತ್ರ) ಬರೆಯುವುದು, ಅಜ್ಜಿಯ ಕಾಳಜಿಯನ್ನು ಮನ್ನಿಸಿ ಮಾತಾಡಿಸುತ್ತ ಕುಟುಂಬದೊಳಗೆ ತಾನೂ ಒಬ್ಬಳಾಗಿ ಸೇರಿಕೊಳ್ಳುವುದು ಎಂಬ ನಾಲ್ಕು ಆಯ್ಕೆಗಳಿವೆ ಎನ್ನಿ. ನೀವು ಮೊದಲನೆಯದನ್ನು ಆರಿಸುತ್ತೀರಿ ಎಂದು ನನ್ನ ಅನುಮಾನ, ಏಕೆಂದರೆ ಎಲ್ಲೆಗಳನ್ನು ಸರಿಪಡಿಸುವುದೇ ಮಿನುಚಿನ್ ಪದ್ಧತಿ ಎಂದು ನೀವು ಬಾಯಿಪಾಠ ಮಾಡಿದ್ದೀರಿ. ಅದು ನಿಜವೇ, ಆದರೆ ಆ ಕೆಲಸದ ಸರದಿ ಆಮೇಲಿನದು. ಮನೆಯವರ ವಿಶ್ವಾಸ ಗಳಿಸುವ ‘ಜಾಯ್ನಿಂಗ್’ ಆಗದೆ ಯಾವ ಎಲ್ಲೆಯನ್ನೂ ಮುಟ್ಟಲಾಗದು, ಆದ್ದರಿಂದ ಉತ್ತರ ನಾಲ್ಕನೆಯದು. ಇದೇ ಪ್ರಶ್ನೆಯಲ್ಲಿ ಮಿನುಚಿನ್ ಹೆಸರು ಅಳಿಸಿ, ತಲೆಮಾರುಗಳ ನಡುವಿನ ಸಂಬಂಧವನ್ನು ನೋಡುವ ಮರ್ರಿ ಬೋವೆನ್ ಹೆಸರು ಬರೆದರೆ ಸರಿಯುತ್ತರ ಜೀನೋಗ್ರಾಮಿಗೆ ಹೋಗುತ್ತದೆ. ಕುಟುಂಬ ಅದೇ, ಅಜ್ಜಿ ಅದೇ, ಉತ್ತರ ಮಾತ್ರ ಬೇರೆ. ಎರಡು ಆಯ್ಕೆಗಳು ಸರಿಯಾಗಿ ಕಾಣುತ್ತವೆ ಎಂದು ನೀವು ಬರೆದದ್ದಕ್ಕೆ ಅರ್ಧ ಕಾರಣ ಇದು. ಉಳಿದರ್ಧವು ‘ಫಸ್ಟ್’, ‘ನೆಕ್ಸ್ಟ್’, ‘ಮೋಸ್ಟ್’ ಎಂಬ ಸಣ್ಣ ಪದಗಳನ್ನು ಓಡುನೋಟದಲ್ಲಿ ದಾಟಿಬಿಡುವುದು. 180 ಪ್ರಶ್ನೆಗಳಿಗೆ ನಾಲ್ಕು ಗಂಟೆ, ಅಂದರೆ ಒಂದಕ್ಕೆ 80 ಸೆಕೆಂಡು ಮಾತ್ರ ಇರುವುದರಿಂದ ಕೊನೆಯ ಸಾಲನ್ನು ಮೊದಲು ಓದಿ, ಪದ್ಧತಿಯ ಹೆಸರನ್ನೂ ಆ ಸಣ್ಣ ಪದವನ್ನೂ ಹಿಡಿದುಕೊಂಡು, ಬಳಿಕ ಕುಟುಂಬದ ಕಥೆಗೆ ಬನ್ನಿ.

ಹೊಂದಿಸುವ ರೂಢಿ ಅತಿ ಹೆಚ್ಚು ಕೈಕೊಡುವುದು ಬಿಕ್ಕಟ್ಟಿನ ಪ್ರಶ್ನೆಗಳಲ್ಲಿ. ಹೆಂಡತಿ ಒಬ್ಬಳೇ ಇದ್ದಾಗ ಗಂಡ ಹೊಡೆಯುತ್ತಾನೆಂದು ಹೇಳಿದರೆ, ಇಬ್ಬರನ್ನೂ ಎದುರುಬದುರು ಕೂರಿಸಿ ಅದನ್ನು ಚರ್ಚಿಸುವ ಆಯ್ಕೆಯನ್ನು ಮುಟ್ಟಬೇಡಿ. ಆ ಮಾತಿನ ಬೆಲೆಯನ್ನು ಆಕೆ ಆ ರಾತ್ರಿ ಮನೆಯಲ್ಲಿ ತೆರಬೇಕಾಗಬಹುದು. ಆಕೆ ಈಗ ಎಷ್ಟು ಅಪಾಯದಲ್ಲಿದ್ದಾಳೆಂದು ತಿಳಿಯುವುದು, ಸುರಕ್ಷತೆಯ ಯೋಜನೆ ಮಾಡುವುದು ಮೊದಲು. ಆತ್ಮಹತ್ಯೆಯ ಮಾತು ಬಂದಾಗಲೂ ಹೀಗೆಯೇ: ಉಪಾಯ, ಸಾಧನ, ಹಿಂದಿನ ಪ್ರಯತ್ನ ಇವನ್ನು ವಿಚಾರಿಸುವುದಕ್ಕಿಂತ ಮುಂಚೆ ಯಾವ ಸಿದ್ಧಾಂತವೂ ಇಲ್ಲ.

ಗೋಪ್ಯತೆಯ ವಿಷಯದಲ್ಲಿ ನೀವು ಮೂರು ಉತ್ತರ ತಪ್ಪಿದ್ದೀರಿ. ಇಲ್ಲಿ ಮಗಳು ಒಳಗಿಂದ ಎದ್ದು ಹೋದ ಹತ್ತು ನಿಮಿಷಕ್ಕೆ ತಾಯಿಯ ಫೋನ್ ಬರುತ್ತದೆ, ‘ಏನಂದ್ಲು ರೀ ನಮ್ಮ ಹುಡುಗಿ?’ ಎಂದು, ಹೇಳದಿದ್ದರೆ ನಾವೇ ಸೊಕ್ಕಿನವರಾಗುತ್ತೇವೆ. ಅಮೆರಿಕದ ಕುಟುಂಬ ಚಿಕಿತ್ಸಕರ ಸಂಘವಾದ ಎಎಎಂಎಫ್‌ಟಿಯ ನೀತಿಸಂಹಿತೆಯಂತೆ, ದಂಪತಿ ಚಿಕಿತ್ಸೆಯಲ್ಲಿ ಒಬ್ಬರು ಗುಟ್ಟಾಗಿ ಹೇಳಿದ್ದನ್ನು ಅವರ ಲಿಖಿತ ಒಪ್ಪಿಗೆಯಿಲ್ಲದೆ ಅವರ ಸಂಗಾತಿಗೂ ಹೇಳುವಂತಿಲ್ಲ. ಆದರೆ ಅದಕ್ಕೂ ಮಿತಿಯಿದೆ: ಬೇರೊಬ್ಬರ ಜೀವಕ್ಕೆ ಅಪಾಯವಿದ್ದಾಗ ಚಿಕಿತ್ಸಕರ ಮೇಲೆ ರಕ್ಷಣೆಯ ಹೊಣೆ ಬೀಳುತ್ತದೆಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1976ರಲ್ಲಿ ಟಾರಾಸಾಫ್ ಪ್ರಕರಣದಲ್ಲಿ ಹೇಳಿತು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕೆಂದು ನಮ್ಮ 2012ರ ಪೋಕ್ಸೋ ಕಾಯ್ದೆಯ 19ನೇ ಕಲಮು ಹೇಳುತ್ತದಲ್ಲವೇ, ಅಲ್ಲಿಯೂ ಮಕ್ಕಳ ಹಿಂಸೆಯ ವಿಷಯದಲ್ಲಿ ಅಂಥದೇ ಕಟ್ಟಳೆಯಿದೆ. ಆದರೆ ಅನುಮಾನ ಬಂದಾಗ ಖಚಿತಪಡಿಸಿಕೊಳ್ಳಲು ನೀವೇ ತನಿಖೆಗಿಳಿಯುವ ಆಯ್ಕೆ ತಪ್ಪು. ವರದಿ ಮಾಡುವುದಷ್ಟೇ ನಿಮ್ಮ ಪಾಲಿನದು.

ಓದುವ ವೇಳೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಳೆಗೂಸು ಇರುವ ಮನೆಯಲ್ಲಿ ವೇಳಾಪಟ್ಟಿ ಹಾಕಿದರೆ ಅದನ್ನು ಹರಿಯುವುದು ಕೂಸೇ. ಕೂಸು ಮಲಗಿದಾಗ ಇಪ್ಪತ್ತು ಪ್ರಶ್ನೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ. ತಪ್ಪಿದ ಪ್ರತಿಯೊಂದಕ್ಕೂ ‘ನಾನು ಇದನ್ನು ಏಕೆ ಆರಿಸಿದೆ’ ಎಂದು ಒಂದು ಸಾಲನ್ನು ಕನ್ನಡದಲ್ಲಿ ಬರೆಯಿರಿ. ಮತ್ತೊಂದು ಕೆಲಸ: ನಿಮ್ಮ ಅವ್ವನನ್ನು ಪಕ್ಕಕ್ಕೆ ಕೂರಿಸಿಕೊಂಡು ನಿಮ್ಮ ಮನೆತನದ್ದೇ ಜೀನೋಗ್ರಾಮ್ ಬರೆಯಿರಿ, ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ಸೋದರಮಾವನಿಗೆ ಕೊಟ್ಟ ಮದುವೆಗಳಿದ್ದರೆ ಒಬ್ಬನೇ ಮನುಷ್ಯ ಎರಡು ಕಡೆ ಬಂದು ಗೆರೆಗಳು ಒಂದರ ಮೇಲೊಂದು ಹಾಯುತ್ತವೆ. ಇಬ್ಬರ ನಡುವಿನ ಬಿಗುವಿಗೆ ಮೂರನೆಯವರನ್ನು ಎಳೆದುಕೊಳ್ಳುವುದನ್ನು ಬೋವೆನ್ ತ್ರಿಕೋನವೆಂದು ಕರೆದರು. ಅದನ್ನು ಗೈಡಿನಲ್ಲಿ ಹತ್ತು ಸಲ ಓದುವುದಕ್ಕಿಂತ, ನಿಮ್ಮ ಅತ್ತೆ ನಿಮ್ಮ ಅವ್ವನಿಗೆ ಫೋನ್ ಮಾಡಿ ನಿಮ್ಮ ಬಗ್ಗೆ ಹೇಳಿದ ಒಂದು ದಿನವನ್ನು ಆ ಹಾಳೆಯ ಮೇಲೆ ಗುರುತಿಸುವುದು ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ. ಹಾಳೆಯನ್ನು ಮಾತ್ರ ಅತ್ತೆಯ ಕಣ್ಣಿಗೆ ಬೀಳದಂತೆ ಇಡಿ.

ಪ್ರಶ್ನೆ: ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುತ್ತಿದ್ದೇನೆ. ಇಂಥ ಲೈಸೆನ್ಸ್ ಪರೀಕ್ಷೆ ನಮ್ಮಲ್ಲಿಯೂ ಇದೆಯೇ?
– ಒಬ್ಬ ವಿದ್ಯಾರ್ಥಿ, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ಇಲ್ಲ. ಕುಟುಂಬ ಚಿಕಿತ್ಸಕರಿಗೆಂದೇ ಪ್ರತ್ಯೇಕ ಲೈಸೆನ್ಸ್ ಭಾರತದಲ್ಲಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟರು 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳುತ್ತಾರೆ. ನಿಮ್ಮ ಹಾದಿ ಮನೋವೈದ್ಯಕೀಯ ಸಮಾಜಕಾರ್ಯದ್ದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಆ ವೃತ್ತಿಯನ್ನು ಹೆಸರಿಸಿ ಗುರುತಿಸಿದೆ. ಮಾನಸಿಕ ಆರೋಗ್ಯ ಸಂಸ್ಥೆಗಳಾದ ಬೆಂಗಳೂರಿನ ನಿಮ್ಹಾನ್ಸ್ ಹಾಗೂ ಧಾರವಾಡದ ಡಿಮ್ಹಾನ್ಸ್ ಈ ವಿಷಯದ ತರಬೇತಿಗೆ ಹೆಸರಾದವು. ಪ್ರವೇಶ ಪ್ರಕಟಣೆಯನ್ನು ನೇರವಾಗಿ ಅಲ್ಲಿಂದಲೇ ನೋಡಿಕೊಳ್ಳಿ. 1984ರ ಕುಟುಂಬ ನ್ಯಾಯಾಲಯ ಕಾಯ್ದೆಯಡಿ ಆಪ್ತಸಮಾಲೋಚಕರನ್ನು ನೇಮಿಸಿಕೊಳ್ಳಲು ಅವಕಾಶವಿದೆ. ಅಂಥ ಕಡೆ ಕೆಲವು ದಿನ ಫೀಲ್ಡ್ ವರ್ಕ್ ಮಾಡಲು ನಿಮ್ಮ ವಿಭಾಗದ ಮೂಲಕ ಈಗಲೇ ಅರ್ಜಿ ಹಾಕಿ.