ಸನ್ಮಾನಕ್ಕೆ ಮೊದಲು ಗಿಡ ಎಣಿಸಿ

ಊರಿನ ಪರಿಸರ ಕಾರ್ಯಕರ್ತರನ್ನು ಗೌರವಿಸುವುದು ಹೇಗೆಂದು ಕೇಳಿ ಬಂದ ಪತ್ರಗಳಲ್ಲಿ ಐದನ್ನು ಈ ಸಲ ಆರಿಸಿಕೊಂಡಿದ್ದೇವೆ.

ನಮ್ಮ ಯುವಕ ಸಂಘದಿಂದ, ಗಿಡ ನೆಟ್ಟು ಬೆಳೆಸಿದವರಿಗೆ ಸನ್ಮಾನ ಇಟ್ಟುಕೊಂಡಿದ್ದೇವೆ. ಎಂಟು ಹೆಸರು ಬಂದಿವೆ. ಎಲ್ಲರ ಹತ್ತಿರವೂ ಫೋಟೊ, ಪೇಪರ್ ಕಟಿಂಗ್ ಇದೆ. ಆಯ್ಕೆ ಹೇಗೆ ಮಾಡುವುದು?
– ಓದುಗರು, ಅರಸೀಕೆರೆ

ಫೋಟೊ, ಕಟಿಂಗ್ ಎರಡನ್ನೂ ಪಕ್ಕಕ್ಕಿಡಿ. ಅವು ಗಿಡ ನೆಟ್ಟ ದಿನದವು. ಗಿಡ ಸಾಯುವುದು ಫೆಬ್ರುವರಿಯಿಂದ ಮೇ ನಡುವೆ, ಆಗ ಅಲ್ಲಿ ಕ್ಯಾಮೆರಾ ಇರುವುದಿಲ್ಲ. ಕನಿಷ್ಠ ಎರಡು ಬೇಸಿಗೆ ದಾಟಿದ ಗಿಡಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಎಣಿಕೆ ಮೇ ಕೊನೆಯ ವಾರದಲ್ಲಿ ಆಗಲಿ. ಮಳೆ ಬಿದ್ದ ಮೇಲೆ ಹೋದರೆ ಗಿಡ ಸತ್ತ ಗುಣಿಗಳ ಮೇಲೆ ಹುಲ್ಲು ಬೆಳೆದು ಏನೂ ಕಾಣುವುದಿಲ್ಲ.

ಎಣಿಸಲು ಇಬ್ಬರು ಸಾಕು, ಒಬ್ಬರು ಪಕ್ಕದ ಊರಿನವರಾಗಿರಲಿ. ಮುನ್ನೂರು ಗಿಡದವರೆಗೆ ಒಂದನ್ನೂ ಬಿಡದೆ ಎಣಿಸಿ. ಅದಕ್ಕಿಂತ ಹೆಚ್ಚಿದ್ದರೆ ರಸ್ತೆಯನ್ನು ನೂರು ಮೀಟರಿನ ತುಂಡುಗಳಾಗಿ ಮಾಡಿ, ಐದಕ್ಕೊಂದು ತುಂಡು ನೋಡಿ. ಯಾವ ತುಂಡು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿ, ಇಲ್ಲದಿದ್ದರೆ ಚೆನ್ನಾಗಿ ಬಂದ ಕಡೆಗೇ ನಿಮ್ಮನ್ನು ಕರೆದುಕೊಂಡು ಹೋಗುತ್ತಾರೆ. ಪುಸ್ತಕದಲ್ಲಿ ನಾಲ್ಕು ಕಾಲಮು ಇರಲಿ: ಚೆನ್ನಾಗಿದೆ, ಜೀವ ಇದೆ ಆದರೆ ಕುಡಿ ಮೇಯ್ದಿದೆ, ಸತ್ತಿದೆ, ಸತ್ತ ಜಾಗಕ್ಕೆ ಮತ್ತೆ ನೆಟ್ಟಿದೆ. ನಾಲ್ಕನೆಯ ಕಾಲಮು ತುಂಬಿದ್ದರೆ ಅದನ್ನು ಸೋಲೆಂದು ಬರೆದುಕೊಳ್ಳಬೇಡಿ. ಬಿಡದೆ ಹಿಂದೆ ಬಿದ್ದವರ ಗುರುತು ಅದು. ಸತ್ತದ್ದಕ್ಕೆ ಕಾರಣವನ್ನೂ ಬರೆಯಿರಿ. ಆಡು ಮೇಯ್ದದ್ದು ಬೇಲಿಯ ಲೋಪ, ಚರಂಡಿ ಕೆಲಸದ ಜೆಸಿಬಿ ಕಿತ್ತದ್ದು ಗಿಡ ನೆಟ್ಟವರ ಲೋಪವಲ್ಲ. ಕರೆಂಟ್ ತಂತಿಯ ಕೆಳಗೆ ಆಲ ಬಸರಿ ನೆಟ್ಟು ವರ್ಷ ವರ್ಷ ಲೈನ್‌ಮನ್ ಕೈಯಲ್ಲಿ ಕಡಿಸಿಕೊಂಡಿದ್ದರೆ ಅದು ಜಾಗ ನೋಡದೆ ನೆಟ್ಟದ್ದು.

ಬದುಕುಳಿದ ಗಿಡದ ಮೇಲೆ ಲೆಕ್ಕ ಹಾಕುವುದು ಹೊಸ ಪದ್ಧತಿಯಲ್ಲ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತರಿಗೆ ಹಣ ಸಿಗುವುದೇ ಹಾಗೆ: ಉಳಿದ ಪ್ರತಿ ಗಿಡಕ್ಕೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ. ನೆಟ್ಟ ದಿನಕ್ಕೆ ಏನೂ ಇಲ್ಲ.

ಕೊನೆಗೆ ಅಕ್ಕಪಕ್ಕದ ಹೊಲದವರನ್ನೂ ನೀರಗಂಟಿಯನ್ನೂ ಒಂದೇ ಪ್ರಶ್ನೆ ಕೇಳಿ: ಮಾರ್ಚ್‌ನಲ್ಲಿ ನೀರು ಹೊತ್ತವರು ಯಾರು? ಸಂಘದ ಪಟ್ಟಿಯಲ್ಲಿ ಅಧ್ಯಕ್ಷರ ಹೆಸರು ಇರುತ್ತದೆ, ಕೊಡ ಹಿಡಿದವರು ಬೇರೆ ಯಾರೋ ಆಗಿರುತ್ತಾರೆ, ಬಹುಪಾಲು ಹೆಂಗಸರು. ಎಂಟರಲ್ಲಿ ಎರಡು ಹೆಸರು ಇಲ್ಲೇ ಬದಲಾದರೂ ಆಶ್ಚರ್ಯವಿಲ್ಲ.

ಹಾರ, ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ ಬಿಟ್ಟು ಬೇರೆ ಏನು ಕೊಡಬಹುದು? ಕಾರ್ಯಕ್ರಮ ಪರಿಸರ ದಿನವಾದ ಜೂನ್ 5ಕ್ಕೇ ಮಾಡಬೇಕೇ?
– ಓದುಗರು, ಶಿರಸಿ

ಜೂನ್ 5ರಂದು ಎಲ್ಲ ಕಡೆ ಕಾರ್ಯಕ್ರಮ ಇರುತ್ತದೆ. ಅರಣ್ಯ ಇಲಾಖೆಯ ಗಾರ್ಡ್ ಕೂಡ ನಿಮಗೆ ಸಿಗುವುದಿಲ್ಲ, ಮುಖ್ಯ ಅತಿಥಿ ಮೂರು ಊರು ಸುತ್ತಿ ತಡವಾಗಿ ಬರುತ್ತಾರೆ. ಜುಲೈ ಮೊದಲ ವಾರದ ವನಮಹೋತ್ಸವ ವಾಸಿ: ಮೇ ಎಣಿಕೆಯ ಪುಸ್ತಕವೂ ಅಷ್ಟರಲ್ಲಿ ಸಿದ್ಧವಾಗಿರುತ್ತದೆ, ನೆಲವೂ ನೆನೆದಿರುತ್ತದೆ. ಸಭಾಭವನ ಬೇಡ. ಬೆಳಿಗ್ಗೆ ಏಳೂವರೆಗೆ ಗಿಡಗಳಿರುವ ಜಾಗಕ್ಕೇ ಎಲ್ಲರೂ ಹೋಗಿ. ಮೈಕು ಮೊದಲು ಸನ್ಮಾನಿತರ ಕೈಗೆ ಕೊಡಿ, ಅತಿಥಿಯ ಭಾಷಣ ಆಮೇಲೆ. ಈ ಕ್ರಮ ತಿರುಗಿಸಿದರೆ ಕೆಲಸ ಮಾಡಿದವರಿಗೆ ಎರಡು ನಿಮಿಷವೂ ಉಳಿಯುವುದಿಲ್ಲ.

ಬ್ಯಾನರು ಬಟ್ಟೆಯದಾಗಲಿ, ಬರೆಯುವ ಕಲಾವಿದರು ಇನ್ನೂ ಇದ್ದಾರೆ. ಫ್ಲೆಕ್ಸನ್ನು ರಾಜ್ಯದಲ್ಲಿ 2016ರಲ್ಲೇ ನಿಷೇಧಿಸಲಾಗಿದೆ. ಪರಿಸರ ಸನ್ಮಾನದ ಹಿಂದೆ ಅದನ್ನು ಕಟ್ಟಿದರೆ ಊರಿನ ಹುಡುಗರೇ ಫೋಟೊ ತೆಗೆದು ನಗುತ್ತಾರೆ.

ಉಡುಗೊರೆಯನ್ನು ಕೆಲಸ ನೋಡಿ ಕೊಡಿ. ರಸ್ತೆ ಬದಿ ಗಿಡ ಸಾಕುವವರಿಗೆ 200 ಲೀಟರಿನ ಡ್ರಮ್ಮು, ಮೂವತ್ತು ಮೀಟರ್ ಪೈಪು, ತಳ್ಳುಗಾಡಿ. ಕೆರೆ ಸ್ವಚ್ಛ ಮಾಡುವವರಿಗೆ ಗಮ್‌ಬೂಟು, ದಪ್ಪ ರಬ್ಬರ್ ಗ್ಲೌಸು, ಉದ್ದ ಹಿಡಿಯ ಕುಂಟೆ. ಬೂಟಿನ ಅಳತೆಯನ್ನು ಮನೆಯವರ ಹತ್ತಿರ ಮೊದಲೇ ಕೇಳಿಕೊಳ್ಳಿ. ಕರಾವಳಿಯಲ್ಲಿ ಆಮೆಗೂಡು ಕಾಯುವವರಿಗಾದರೆ ಕೆಂಪು ಬೆಳಕಿನ ಟಾರ್ಚು. ಬಿಳಿ ಬೆಳಕಿಗೆ ಮರಿಗಳು ದಿಕ್ಕು ತಪ್ಪುತ್ತವೆ. ಜತೆಗೆ ಅಪಘಾತ ವಿಮೆ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಮೊತ್ತ ಎರಡು ಲಕ್ಷ. ಅವಧಿ ಜೂನ್ 1ರಿಂದ ಮೇ 31. ವಯಸ್ಸು 18ರಿಂದ 70 ಮಾತ್ರ, ಹಾಗಾಗಿ ಹಿರಿಯರನೇಕರು ಇದರಿಂದ ಹೊರಗುಳಿಯುತ್ತಾರೆ. ಅವರಿಗೆ ಮೇಸ್ತ್ರಿ ಕೂಲಿಯ ಲೆಕ್ಕದಲ್ಲಿ ಬೇಸಿಗೆಯ ಹತ್ತು ದಿನ ನೀರು ಹೊರಲು ಒಬ್ಬ ಆಳನ್ನು ಗೊತ್ತುಮಾಡಿಕೊಡಿ, ಶಾಲಿಗಿಂತ ಹೆಚ್ಚು ಬಾಳುತ್ತದೆ.

ಅತಿಥಿಗಳಿಗೆ ಗಿಡ ಕೊಡುವ ಪದ್ಧತಿಯನ್ನು ನಿಲ್ಲಿಸಿದರೆ ಒಳ್ಳೆಯದು. 5x8 ಇಂಚಿನ ಚೀಲದ ಸಸಿ ಕಾರಿನ ಡಿಕ್ಕಿಯಲ್ಲಿ ಒಂದು ಮಧ್ಯಾಹ್ನ ಕಳೆದರೆ ಅಲ್ಲಿಗೆ ಮುಗಿಯಿತು.

ನಮ್ಮೂರಿನಲ್ಲಿ ಹಾವು ಹಿಡಿದು ಕಾಡಿಗೆ ಬಿಡುವ ಒಬ್ಬ ಯುವಕನಿದ್ದಾನೆ. ಸನ್ಮಾನದ ದಿನ ವೇದಿಕೆಯಲ್ಲಿ ಒಂದು ಪ್ರಾತ್ಯಕ್ಷಿಕೆ ಇಡಬಹುದೇ?
– ಓದುಗರು, ಚನ್ನರಾಯಪಟ್ಟಣ

ಬೇಡ. ವನ್ಯಜೀವಿ ಕಾಯ್ದೆಯ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ನಾಗರಹಾವು ಅತಿ ಹೆಚ್ಚಿನ ರಕ್ಷಣೆಯ ಮೊದಲ ಪಟ್ಟಿಯಲ್ಲಿದೆ. ಆ ಪಟ್ಟಿಯ ಪ್ರಾಣಿಯ ವಿಷಯದಲ್ಲಿ ಮಾಡಿದ ತಪ್ಪಿಗೆ ಮೂರರಿಂದ ಏಳು ವರ್ಷ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಆ ಹುಡುಗ ಅರಣ್ಯ ಇಲಾಖೆಯ ಗಮನಕ್ಕೆ ತಂದು ಕೆಲಸ ಮಾಡುತ್ತಾನೋ ಇಲ್ಲವೋ ಎಂದು ಮೊದಲು ವಲಯ ಕಚೇರಿಯಲ್ಲಿ ವಿಚಾರಿಸಿ. ಅಭಿನಂದನಾ ಪತ್ರದಲ್ಲಿ ‘ಸಾವಿರ ಹಾವು ಹಿಡಿದ’ ಎಂದು ಬರೆಯಬೇಡಿ, ಮುಂದಿನ ವರ್ಷ ಎರಡು ಸಾವಿರ ಮಾಡಲು ಹೊರಡುತ್ತಾನೆ. ಬಚ್ಚಲ ಹತ್ತಿರ ಕಂಡ ಕೇರೆಹಾವನ್ನು ಹಿಡಿಯದೆ, ಮನೆಯವರಿಗೆ ಧೈರ್ಯ ಹೇಳಿ ಬಂದದ್ದು ಎಷ್ಟು ಸಲ ಎಂದು ಕೇಳಿ.

ನಮ್ಮ ಅಜ್ಜಿಯೊಬ್ಬರು ನಲವತ್ತು ವರ್ಷದಿಂದ ಬೀಜ ಆಯ್ದು ಸಸಿ ಮಾಡುತ್ತಿದ್ದಾರೆ. ಪದ್ಮ ಪ್ರಶಸ್ತಿಗೆ ಹೆಸರು ಕಳಿಸಲು ಶಾಸಕರ ಶಿಫಾರಸು ಬೇಕೇ?
– ಓದುಗರು, ಅಂಕೋಲಾ

ಬೇಕಿಲ್ಲ. ಯಾರು ಬೇಕಾದರೂ ಕೇಂದ್ರದ ರಾಷ್ಟ್ರೀಯ ಪುರಸ್ಕಾರ ಪೋರ್ಟಲ್‌ನಲ್ಲಿ ಆನ್‌ಲೈನ್ ಕಳಿಸಬಹುದು. 2026ರ ಪಟ್ಟಿಗೆ ಕೊನೆಯ ದಿನ 2025ರ ಜುಲೈ 31 ಆಗಿತ್ತು. ಈ ದಿನಾಂಕ ಬದಲಾಗುವುದುಂಟು, ಮಾರ್ಚ್‌ನಿಂದಲೇ ನೋಡುತ್ತಿರಿ. ವಿವರಣೆಗೆ ಇರುವುದು 800 ಪದ. ಬಹಳ ಅರ್ಜಿಗಳು ಕೆಡುವುದು ಇಲ್ಲೇ: ‘ಪ್ರಕೃತಿ ಮಾತೆಯ ಮಗಳು’ ಎಂದು ಅರ್ಧ ಪುಟ ಹೋಗಿರುತ್ತದೆ. ಯಾವ ಜಾತಿಯ ಮರ, ಯಾವ ತಾಯಿಮರದ ಬೀಜ, ಯಾವ ತಿಂಗಳು ಆಯುತ್ತಾರೆ, ಸಸಿಗಳು ಯಾವ ಊರಿಗೆ ಹೋದವು, ಈಗ ಹೇಗಿವೆ, ಅದನ್ನು ಬರೆಯಿರಿ.

ಹೀಗೆಯೇ ಬೀಜ ಆಯ್ದು ಸಸಿ ಬೆಳೆಸಿದ, ನಿಮ್ಮ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರಿಗೆ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ ಪ್ರಶಸ್ತಿ 1986ರಲ್ಲಿ, ರಾಜ್ಯೋತ್ಸವ ಪ್ರಶಸ್ತಿ 1999ರಲ್ಲಿ, ಪದ್ಮಶ್ರೀ 2020ರಲ್ಲಿ ಬಂತು. ಮಧ್ಯೆ 34 ವರ್ಷ. ಹಾಗಾಗಿ ಪದ್ಮಕ್ಕೆ ಕಾಯುತ್ತಾ ಕೂರಬೇಡಿ, ತಾಲ್ಲೂಕು, ಜಿಲ್ಲಾ ಮಟ್ಟದ ರಾಜ್ಯೋತ್ಸವ ಸನ್ಮಾನಗಳಿಗೂ ಅದೇ ಕಡತ ಸಾಕು. ಅಜ್ಜಿಯ ಒಪ್ಪಿಗೆ ಕೇಳಿದ್ದೀರಾ? ಪತ್ರದಲ್ಲಿ ಆ ಮಾತಿಲ್ಲ. ಇನ್ನೊಂದು: ಪದ್ಮಶ್ರೀ ಬಿರುದಲ್ಲ, ಆಹ್ವಾನ ಪತ್ರಿಕೆಯಲ್ಲಿ ಹೆಸರಿನ ಹಿಂದೆ ಮುಂದೆ ಹಾಕುವಂತಿಲ್ಲ.

ಕೆರೆ ಒತ್ತುವರಿ ವಿರುದ್ಧ ಅರ್ಜಿ ಹಾಕಿ ಓಡಾಡುತ್ತಿರುವವರನ್ನು ಗೌರವಿಸಬೇಕೆಂದಿದ್ದೇವೆ. ಕೆಲವರು ಬೇಡ ಎನ್ನುತ್ತಿದ್ದಾರೆ.
– ಓದುಗರು, ಕೋಲಾರ

ಮೊದಲು ಅವರನ್ನೇ ಕೇಳಿ, ಮನೆಯವರ ಎದುರಿಗೆ. ವೇದಿಕೆ ಹತ್ತಿಸಿ ನೀವು ಮನೆಗೆ ಹೋಗುತ್ತೀರಿ, ರಾತ್ರಿ ಬೈಕಿನಲ್ಲಿ ಒಬ್ಬರೇ ಬರುವವರು ಅವರು. ಒಪ್ಪಿದರೆ ಒಬ್ಬರನ್ನೇ ಮುಂದೆ ನಿಲ್ಲಿಸದೆ ಜತೆಗೆ ಸಹಿ ಹಾಕಿದ ಎಲ್ಲರನ್ನೂ ಕರೆಯಿರಿ. ಅಭಿನಂದನಾ ಪತ್ರದಲ್ಲಿ ಒತ್ತುವರಿದಾರರ ಹೆಸರು, ನ್ಯಾಯಾಲಯದಲ್ಲಿರುವ ವಿಷಯ ಬೇಡ. ಮನೆ ವಿಳಾಸವನ್ನು ಪತ್ರಿಕಾ ಹೇಳಿಕೆಯಲ್ಲಿ ಕೊಡಬೇಡಿ. ಒಪ್ಪದಿದ್ದರೆ ಸನ್ಮಾನ ಬಿಟ್ಟು ಅವರ ಬೇಡಿಕೆಯನ್ನೇ ಎತ್ತಿಕೊಳ್ಳಿ: ಕೆರೆಯ ಸರ್ವೆ ಮಾಡಿಸಿ ಗಡಿಕಲ್ಲು ನೆಡಬೇಕೆಂದು ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ನಡಾವಳಿಯ ದೃಢೀಕೃತ ಪ್ರತಿ ತೆಗೆದು ತಹಶೀಲ್ದಾರರಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಆ ಪ್ರತಿಯ ಒಂದು ಜೆರಾಕ್ಸನ್ನು ಅವರ ಕೈಗೆ ಕೊಡಿ.