ಗಂಟಲಲ್ಲಿ ನಿಂತ ತುತ್ತು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವರು ಬಸ್ ನಿರ್ವಾಹಕರು, ವಯಸ್ಸು 52. ತುತ್ತು ಇಳಿಯದೆ ಗಂಟಲಲ್ಲೇ ನಿಂತಂತಾಗುತ್ತದೆ ಎಂದು ಎಂಟು ತಿಂಗಳು ಆಸ್ಪತ್ರೆಗಳಿಗೆ ಅಲೆದಿದ್ದರು. ಗಂಟಲಿಗೆ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿಯಲ್ಲಿ ಏನೂ ಕಾಣಲಿಲ್ಲ. ಇಂಥ ತೊಂದರೆ ಇರುವವರು ಮೊದಲು ಆ ಪರೀಕ್ಷೆ ಮಾಡಿಸಿಕೊಂಡೇ ಮನಸ್ಸಿನ ತೊಂದರೆ ನೋಡುವ ನಮ್ಮಂಥವರ ಬಳಿ ಬರಬೇಕು. ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುವುದು ಅಪಾಯ.

ತಾಯಿ ತೀರಿಕೊಂಡು ಒಂಬತ್ತು ತಿಂಗಳಾಗಿತ್ತು. ಇವರು ಹಿರಿಯ ಮಗ. "ನೀನೇ ಅತ್ತರೆ ತಮ್ಮಂದಿರಿಗೆ ಯಾರು ದಿಕ್ಕು?" ಎಂದು ಸೋದರಮಾವ ಹೇಳಿದ್ದರಂತೆ. ಮಣ್ಣು ಮಾಡುವಾಗಲೂ ಇವರು ಅಳಲಿಲ್ಲ. ಗಟ್ಟಿ ಮನುಷ್ಯ ಎಂದು ಊರು ಮೆಚ್ಚಿತು. ಪತ್ನಿ ಹೇಳಿದ್ದು ಬೇರೆ: "ಬೈಯುವುದಿಲ್ಲ, ಹೊಡೆಯುವುದಿಲ್ಲ ಮೇಡಂ. ಆದರೂ ಇವರು ಒಳಗೆ ಕಾಲಿಟ್ಟರೆ ಮಕ್ಕಳು ಟಿ.ವಿ. ಆರಿಸುತ್ತಾರೆ."

ನಾನು ಹಿಡಿದದ್ದು ಆ ಮಾತನ್ನೇ. 1993ರಲ್ಲಿ ಗ್ರಾಸ್ ಮತ್ತು ಲೆವೆನ್ಸನ್ ಎಂಬ ಮನೋವಿಜ್ಞಾನಿಗಳು ಕೈ ಕತ್ತರಿಸುವ ಶಸ್ತ್ರಚಿಕಿತ್ಸೆಯಂಥ ದೃಶ್ಯಗಳನ್ನು ತೋರಿಸಿ, ಕೆಲವರಿಗೆ ಮುಖದಲ್ಲಿ ಏನೂ ತೋರಗೊಡಬೇಡಿ ಎಂದಿದ್ದರು. ಮುಖವೇನೋ ಶಾಂತವಾಯಿತು, ಒಳಗಿನ ಅಸಹ್ಯ ಇಳಿಯಲಿಲ್ಲ. ಬೆವರಿನಂಥ ದೇಹದ ಉದ್ವೇಗ ಹೆಚ್ಚೇ ಆಯಿತು. 2003ರ ಇನ್ನೊಂದು ಪ್ರಯೋಗದಲ್ಲಿ, ಭಾವನೆ ಅಡಗಿಸಿಕೊಂಡವರ ಜೊತೆ ಮಾತನಾಡುತ್ತಿದ್ದವರ ರಕ್ತದೊತ್ತಡವೂ ಏರಿತ್ತು. ಆ ಮಕ್ಕಳು ಟಿ.ವಿ. ಆರಿಸಿದ್ದು ಸುಮ್ಮನೆ ಅಲ್ಲ.

ಎರಡನೆಯ ಭೇಟಿಯಲ್ಲಿ ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಆ ಸಂಜೆ ಅಮ್ಮ ಫೋನ್ ಮಾಡಿದ್ದಳು. ಬಸ್ಸು ತುಂಬಿತ್ತು, ಎತ್ತಲಿಲ್ಲ." ದುಃಖವೆಂದು ನಾವೆಲ್ಲ ತಿಳಿದದ್ದರ ಅಡಿಯಲ್ಲಿ ಇದ್ದದ್ದು ತಪ್ಪಿತಸ್ಥ ಭಾವ. ಅದಕ್ಕೆ ಅವರು ಈವರೆಗೆ ಹೆಸರನ್ನೂ ಕೊಟ್ಟಿರಲಿಲ್ಲ.

ಅಳಿ ಎಂದು ನಾನು ಹೇಳಲಿಲ್ಲ. ಅಪ್ಪಣೆ ಕೊಟ್ಟರೆ ಬರುವುದಲ್ಲ ಅದು. ಕೆಲಸದ ವೇಳೆ ಭಾವನೆ ತಡೆಹಿಡಿಯುವುದನ್ನು ಬಿಡಿ ಎಂದೂ ಹೇಳಲಿಲ್ಲ. ಚಿಲ್ಲರೆಗಾಗಿ ಜಗಳವಾಡುವ ಪ್ರಯಾಣಿಕರ ನಡುವೆ ಆ ಸಂಯಮ ಅವರಿಗೆ ಬೇಕು. ಮನೆಯಲ್ಲಿ ಅದನ್ನು ಕೆಳಗಿಡುವುದಕ್ಕೆ ಒಂದು ಜಾಗ ಬೇಕಿತ್ತು. ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಆ ಸಂಜೆ ನಡೆದದ್ದನ್ನೂ ಆಗ ಅನ್ನಿಸಿದ್ದನ್ನೂ ಬರೆಯಿರಿ ಎಂದೆ. ಪೆನ್ನೆಬೇಕರ್ ಮತ್ತು ಬೀಲ್ ಎಂಬ ಸಂಶೋಧಕರು 1986ರಲ್ಲಿ ಪ್ರಕಟಿಸಿದ ಕ್ರಮವಿದು. ಮೊದಲ ದಿನಗಳಲ್ಲಿ ಮನಸ್ಸು ಇನ್ನಷ್ಟು ಭಾರವಾಗಬಹುದು, ತಡೆಯಲಾಗದಿದ್ದರೆ ನಿಲ್ಲಿಸಿ, ರಾತ್ರಿಯಾದರೂ 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿ ಎಂದು ಎಚ್ಚರಿಸಿದೆ. ಪತ್ನಿಗೆ ದಿನಕ್ಕೊಂದೇ ವಾಕ್ಯ ಹೇಳಿದರೂ ಸಾಕು: "ಇವತ್ತು ಅಮ್ಮನ ನೆನಪಾಯಿತು." ಉತ್ತರ, ಸಮಾಧಾನ ಏನೂ ಬೇಡ, ಕೇಳಿಸಿಕೊಳ್ಳಿ ಎಂದು ಆಕೆಗೂ ಹೇಳಿದೆ.

ನಾಲ್ಕನೆಯ ದಿನದ ಹಾಳೆಯನ್ನು ಪತ್ನಿಗೆ ಓದಿ ಹೇಳಿದರಂತೆ. ಗಂಟಲಿನ ಬಿಗಿತ ಪೂರ್ತಿ ಹೋಗಿಲ್ಲ, ರಾತ್ರಿ ಊಟದ ಹೊತ್ತಿಗೆ ಬರುತ್ತದೆ. ಎರಡು ವಾರ ಬಿಟ್ಟು ಇಬ್ಬರೂ ಮತ್ತೆ ಬರುತ್ತಾರೆ.